ದೂರದಿಂದ ಹೂ ಕಳಿಸೋದು ಹೇಗೆ, ಯಾರ ಹತ್ರ ಆರ್ಡರ್ ಮಾಡೋದು

ಅಮ್ಮನ ಹುಟ್ಟಿದಬ್ಬಕ್ಕೆ ಬೊಕೆ, ತಂಗಿ ಸೀಮಂತಕ್ಕೆ ಮಲ್ಲಿಗೆ, ಫ್ರೆಂಡ್ ಅಪ್ಪ ತೀರಿಕೊಂಡ್ರೆ ಒಂದು ಹಾರ, ಇದೆಲ್ಲ ಈಗ ಫೋನಲ್ಲೇ ಆಗ್ಹೋಗತ್ತೆ, ನೀವು ಪುಣೆಲಿರಿ ನ್ಯೂಜೆರ್ಸಿಲಿರಿ. ದುಡ್ಡು ಕಟ್ಟೋದು ಎರಡು ನಿಮಿಷದ ಕೆಲಸ. ಆದ್ರೆ ಆ ಕಡೆ ಬಾಗಿಲಿಗೆ ಏನು ಹೋಯ್ತು ಅಂತ ನಿಮಗೆ ಕಾಣಲ್ಲ, ಕಂಡೋರು ಹೇಳೋದೂ ಇಲ್ಲ, ಬಾಡಿದ ಹೂ ಬಂದಿದ್ರೂ ಅಮ್ಮ "ಚೆನ್ನಾಗಿತ್ತು ಕಣೋ, ಯಾಕೆ ಸುಮ್ನೆ ಖರ್ಚು ಮಾಡ್ದೆ" ಅಂತಾರೆ ಅಷ್ಟೇ. ದುಡ್ಡು ಕೊಡೋರು ಒಬ್ರು, ಹೂ ನೋಡೋರು ಇನ್ನೊಬ್ರು, ಈ ವ್ಯಾಪಾರದಲ್ಲಿ ಮೋಸಕ್ಕೆ ಜಾಗ ಸಿಗೋದೇ ಇಲ್ಲಿ.

ಅದಕ್ಕೆ ನಾನು ಯಾರಾದ್ರೂ ಕೇಳಿದ್ರೆ ಹೇಳೋದು ಒಂದೇ ಮಾತು, ಹೂ ಕೈಯಲ್ಲಿ ಹಿಡಿದು ಕಟ್ಟೋರು ಯಾರು ಅಂತ ಪತ್ತೆ ಮಾಡಿ ಅವರ ಜೊತೆ ಒಂದ್ಸಲ ಫೋನಲ್ಲಿ ಮಾತಾಡಿ. ಆಪ್ ಚೆನ್ನಾಗಿದ್ಯಾ, ವೆಬ್‌ಸೈಟ್ ಹೊಳೀತಿದ್ಯಾ, ಅದೆಲ್ಲ ಆಮೇಲೆ.

ಆರ್ಡರ್ ಯಾರ ಕೈಗೆ ಹೋಗತ್ತೆ ಅಂತ ಮೊದಲು ನೋಡಿ

ಗೂಗಲ್‌ನಲ್ಲಿ "ದಾವಣಗೆರೆ ಫ್ಲವರ್ ಡೆಲಿವರಿ" ಅಂತ ಹುಡುಕಿದ್ರೆ ಮೇಲೆ ಬರೋದ್ರಲ್ಲಿ ಸುಮಾರು ಜಾಹೀರಾತೇ ಇರತ್ತೆ, ಅದರಲ್ಲಿ ಎಷ್ಟೋ ಸೈಟ್‌ನೋರಿಗೆ ದಾವಣಗೆರೆಲಿ ಅಂಗಡಿನೇ ಇರಲ್ಲ. ಅವ್ರು ನಿಮ್ಮ ಹತ್ರ ಆರ್ಡರ್ ತಗೋತಾರೆ, ತಮ್ಮ ಕಮಿಷನ್ ಮುರ್ಕೊಂಡು ಆ ಊರಿನ ಯಾವ್ದೋ ಅಂಗಡಿಗೆ ದಾಟಿಸ್ತಾರೆ. ಇದೇನು ಹೊಸ ಪದ್ಧತಿ ಅಲ್ಲ, ಅಮೆರಿಕದಲ್ಲಿ 1910ರಲ್ಲೇ ಹೂವಿನ ಅಂಗಡಿಯವರು ಒಟ್ಟು ಸೇರಿ ಟೆಲಿಗ್ರಾಂ ಮೂಲಕ ಒಂದೂರಿಂದ ಇನ್ನೊಂದೂರಿಗೆ ಆರ್ಡರ್ ದಾಟಿಸೋ ಸಂಘ ಮಾಡ್ಕೊಂಡಿದ್ರು, ಎಫ್‌ಟಿಡಿ ಅಂತ ಈಗ್ಲೂ ಇದೆ. ಪದ್ಧತಿ ತಪ್ಪಲ್ಲ. ತೊಂದ್ರೆ ಎಲ್ಲಿ ಅಂದ್ರೆ ನೀವು 1500 ಕೊಟ್ರೂ ಕಟ್ಟೋರ ಕೈಗೆ ಅಷ್ಟೂ ಹೋಗಲ್ಲ, ಮಧ್ಯದೋರು ಎಷ್ಟು ಮುರ್ಕೊಂಡ್ರೋ ಅಷ್ಟು ಹೂ ಕಮ್ಮಿ ಆಗತ್ತೆ, ಇಲ್ಲಾ ಹೂ ಬದಲು ಹಸಿರು ಎಲೆ, ಮಧ್ಯ ತುಂಬಿಸೋ ಸಣ್ಣ ಬಿಳಿ ಜಿಪ್ಸಿ ಹೂ, ಕಲರ್ ಪೇಪರ್ ಜಾಸ್ತಿ ಆಗತ್ತೆ. ಏನಾದ್ರೂ ಎಡವಟ್ಟಾದ್ರೆ ಸೈಟ್‌ನೋರು ಅಂಗಡಿ ಮೇಲೆ ಹಾಕ್ತಾರೆ, ಅಂಗಡಿಯವನು ನನಗೆ ಬಂದ ಆರ್ಡರೇ ಇಷ್ಟು ಅಂತಾನೆ.

ಫರ್ನ್ಸ್ ಎನ್ ಪೆಟಲ್ಸ್ ತರದ ದೊಡ್ಡ ಹೆಸರಿನೋರಿಗೆ ಊರೂರಲ್ಲಿ ಫ್ರಾಂಚೈಸಿ ಅಂಗಡಿಗಳಿವೆ, ಬ್ಲಿಂಕಿಟ್ ಇನ್‌ಸ್ಟಾಮಾರ್ಟ್‌ನಲ್ಲೂ ಬೆಂಗಳೂರಲ್ಲಿ ಪೂಜೆ ಹೂವಿನ ಪ್ಯಾಕೆಟ್ ತರಕಾರಿ ಜೊತೆಗೇ ಬಂದ್ಬಿಡತ್ತೆ. ಮನೆಗೆ ದಿನಾ ಹೂವಿಗೆ ಪ್ಯಾಕೆಟ್ ಪರವಾಗಿಲ್ಲ, ಆದ್ರೂ ಬೀದೀಲಿ ವರ್ತನೆಗೆ, ಅಂದ್ರೆ ದಿನಾ ತಪ್ಪದೆ ಮನೆಗೆ, ಹೂ ಕೊಡೋರು ಒಬ್ರಿದ್ರೆ ಅವರನ್ನ ಬಿಡ್ಬೇಡಿ, ಹಬ್ಬದ ಹಿಂದಿನ ದಿನ ಹೂ ಎತ್ತಿಡೋದು ವರ್ತನೆ ಮನೆಗೇ, ಆಪ್‌ನಲ್ಲಿ ಅವತ್ತು "ಸ್ಟಾಕ್ ಇಲ್ಲ" ಅಂತ ಬಂದಿರತ್ತೆ.

ದೂರದೂರಿಗೆ ಕಳಿಸೋದಾದ್ರೆ ಒಳ್ಳೆ ದಾರಿ ಅಂದ್ರೆ ಆ ಊರಲ್ಲಿರೋ ಒಬ್ರನ್ನ ಕೇಳೋದು. ನೆಂಟರನ್ನೇ ಕೇಳ್ಬೇಕು ಅಂತಿಲ್ಲ, ಅಲ್ಲಿನ ಕಲ್ಯಾಣಮಂಟಪದ ಮ್ಯಾನೇಜರ್‌ಗೋ ದೇವಸ್ಥಾನದ ಅರ್ಚಕರಿಗೋ ಫೋನ್ ಮಾಡಿ "ನಿಮಗೆ ಹೂ ಕೊಡೋರು ಯಾರು ಸಾರ್" ಅಂದ್ರೆ ನಂಬರ್ ಕೊಡ್ತಾರೆ. ಮಂಟಪಕ್ಕೆ ವರ್ಷಾನುಗಟ್ಲೆ ಹೂ ಕೊಡ್ತಿರೋನು ಮುಹೂರ್ತಕ್ಕೆ ಸರಿಯಾಗಿ ಹಾರ ತಂದು ಅಭ್ಯಾಸ ಆದೋನು, ಟೈಮ್ ವಿಷಯದಲ್ಲಿ ಅವನನ್ನ ನಂಬಬಹುದು.

ಅಂಗಡಿ ನಿಜವಾಗ್ಲೂ ಇದ್ಯಾ

ಮ್ಯಾಪ್‌ನಲ್ಲಿ ಅಂಗಡಿ ತೆಗೆದು ಫೋಟೋ ನೋಡಿ. ಓನರ್ ಹಾಕಿರೋ ಫೋಟೋ ಬಿಡಿ, ಗಿರಾಕಿಗಳು ಹಾಕಿರೋದು ನೋಡಿ, ಅಂಗಡಿ ಬೋರ್ಡು, ಬಕೆಟ್‌ಗಳಲ್ಲಿ ನಿಲ್ಲಿಸಿರೋ ಹೂ, ಕೆಳಗೆ ಕೂತು ಕಟ್ತಿರೋರು, ಇದೆಲ್ಲ ಕಾಣ್ಬೇಕು. ಬರೀ ಬಿಳಿ ಹಿನ್ನೆಲೆಯ ಥಳಥಳ ಬೊಕೆ ಫೋಟೋಗಳೇ ಇದ್ರೆ ಒಂದನ್ನ ಗೂಗಲ್ ಲೆನ್ಸ್‌ಗೆ ಹಾಕಿ, ಅದೇ ಫೋಟೋ ಹತ್ತು ಸೈಟಲ್ಲಿ ಬಂದ್ರೆ ಗೊತ್ತಾಯ್ತಲ್ಲ. ರಿವ್ಯೂ ಓದುವಾಗ ಐದು ಸ್ಟಾರ್ ಕೊಟ್ಟೋರನ್ನ ಬಿಟ್ಟು ಕಮ್ಮಿ ಸ್ಟಾರ್‌ನೋರನ್ನ ಮೊದಲು ಓದಿ, ಅದರಲ್ಲೂ ಫೆಬ್ರವರಿ ಮಧ್ಯದ್ದು, ವರಮಹಾಲಕ್ಷ್ಮಿ ಹಬ್ಬದ ಸುತ್ತಮುತ್ತದ್ದು, ಮಾಮೂಲಿ ದಿನ ಯಾರು ಬೇಕಾದ್ರೂ ಚೆನ್ನಾಗಿ ಕಳಿಸ್ತಾರೆ, ರಶ್ ಇರೋ ದಿನ ಏನು ಮಾಡಿದಾರೆ ಅನ್ನೋದು ಮುಖ್ಯ. ಕೆಟ್ಟ ರಿವ್ಯೂಗೆ ಅಂಗಡಿಯವ್ರು ಏನು ಉತ್ತರ ಕೊಟ್ಟಿದಾರೆ ಅಂತಾನೂ ನೋಡಿ, ಜಗಳ ಆಡಿದ್ರೆ ದೂರ ಇರಿ.

ದೊಡ್ಡ ಆರ್ಡರ್ ಆದ್ರೆ ಜಿಎಸ್‌ಟಿ ನಂಬರ್ ಕೇಳಿ, ಜಿಎಸ್‌ಟಿ ಪೋರ್ಟಲ್‌ನಲ್ಲಿ ಲಾಗಿನ್ ಇಲ್ದೇನೇ ಹಾಕಿ ನೋಡಬಹುದು, ಹೆಸರು ವಿಳಾಸ ಬರತ್ತೆ. ಕರ್ನಾಟಕದ್ದು 29ರಿಂದ ಶುರುವಾಗತ್ತೆ. ಮಾರ್ಕೆಟ್ ಒಳಗಿನ ಸಣ್ಣ ಅಂಗಡಿಯವ್ರ ಹತ್ರ ಅದು ಇಲ್ದೇ ಇರಬಹುದು, ಹಾಗಂತ ಅವ್ರು ಕಳ್ಳರಲ್ಲ.

ಆಮೇಲೆ ಫೋನ್ ಮಾಡಿ. "ಇವತ್ತು ಯಾವ ಹೂ ಚೆನ್ನಾಗಿ ಬಂದಿದೆ?" ಅಂತ ಒಂದು ಪ್ರಶ್ನೆ ಕೇಳಿ ಸುಮ್ನಾಗಿ. ಬೆಳಗ್ಗೆ ಎದ್ದು ಮಾರ್ಕೆಟ್‌ಗೆ ಹೋಗಿ ಬಂದೋನು ತಕ್ಷಣ ಹೇಳ್ತಾನೆ, "ಸೇವಂತಿಗೆ ಸೂಪರ್ ಬಂದಿದೆ ಮೇಡಂ, ಮಲ್ಲಿಗೆ ಮಳೆಗೆ ನೆನ್ದ್ಬಿಟ್ಟಿದೆ ಬೇಡ, ಲಿಲ್ಲಿ ನಾಳೆ ಬರತ್ತೆ" ಅಂತ. ಕಾಲ್ ಸೆಂಟರ್‌ನಲ್ಲಿ ಕೂತಿರೋರು "ಎಲ್ಲಾ ಫ್ರೆಶ್ ಇದೆ ಸರ್, ಎಲ್ಲಾ ಸಿಗತ್ತೆ" ಅಂತಾರೆ. ಎಲ್ಲಾ ಸಿಗತ್ತೆ ಅಂದ್ರೆ ಅವ್ರ ಮುಂದೆ ಹೂ ಇಲ್ಲ ಅಂತಾನೇ ಅರ್ಥ.

ಕಟ್ಟಿದ ಹೂ ಆದ್ರೆ

ನಮ್ಮ ಕಡೆ ಹೂ ಕಳಿಸೋದು ಅಂದ್ರೆ ಬೊಕೆ ಒಂದೇ ಅಲ್ಲವಲ್ಲ, ಸೀಮಂತ, ಗೃಹಪ್ರವೇಶ, ಬಾಗಿನ, ಇದಕ್ಕೆಲ್ಲ ಕಟ್ಟಿದ ಹೂವೇ ಬೇಕು. ಇಲ್ಲಿ ಸೈಟುಗಳು ಅಷ್ಟು ಕೆಲಸಕ್ಕೆ ಬರಲ್ಲ, ಫೋನಲ್ಲೇ ಮಾತಾಡ್ಬೇಕು.

ಬಿಡಿ ಹೂ ಕೆಜಿ ಲೆಕ್ಕ, ಕಟ್ಟಿದ್ದು ಮೊಳ ಇಲ್ಲಾ ಮಾರು. ಮೊಳ ಅಂದ್ರೆ ಮೊಣಕೈಯಿಂದ ಬೆರಳ ತುದಿವರೆಗೆ, ಯಾರ ಕೈ ಅಂತ ಮಾತ್ರ ಕೇಳ್ಬೇಡಿ. ಅಳತೆಯಲ್ಲಿ ಒಂದೆರಡು ಇಂಚು ಹೋದ್ರೆ ಹೋಗ್ಲಿ, ನೋಡ್ಬೇಕಾಗಿರೋದು ಒತ್ತು. ಬಾಳೆನಾರಲ್ಲಿ ಈ ಕಡೆ ಎರಡು ಮೊಗ್ಗು ಆ ಕಡೆ ಎರಡು ಮೊಗ್ಗು ಇಟ್ಟು ಸುತ್ತಿ ಎಳೀತಾರಲ್ಲ, ಒತ್ತಾಗಿ ಕಟ್ಟಿದ್ರೆ ಹಿಂದಿನ ಸಾಲಿನ ತೊಟ್ಟು ಮುಂದಿನ ಸಾಲಿನ ಮೊಗ್ಗಿನ ಕೆಳಗೆ ಮುಚ್ಚಿಹೋಗತ್ತೆ, ನಾರೇ ಕಾಣಲ್ಲ. ದೂರ ದೂರ ಕಟ್ಟಿದ್ರೆ ಮಧ್ಯ ಮಧ್ಯ ದಾರ ಕಾಣತ್ತೆ, ಅದೇ ಹೂವಲ್ಲಿ ಒಂದೂವರೆ ಮೊಳ ಆಗ್ಬಿಡತ್ತೆ, ಸಾಯಂಕಾಲ ಹೂ ಅರಳಿದಾಗ ಗಾಳಿ ಆಡ್ತಿರತ್ತೆ. ಅದಕ್ಕೆ ಆರ್ಡರ್ ಮಾಡುವಾಗ್ಲೇ "ಒತ್ತಾಗಿ ಕಟ್ಟಿ, ನಾರು ಕಾಣಬಾರದು, ಹತ್ತಿರದಿಂದ ಒಂದು ಫೋಟೋ ಹಾಕಿ" ಅನ್ನಿ. ಎರಡು ರೂಪಾಯಿ ಜಾಸ್ತಿ ಕೇಳಿದ್ರೆ ಕೊಡಿ.

ಇನ್ನೊಂದು, ಮಲ್ಲಿಗೆ ಅಂತ ಕೇಳಿದ್ರೆ ಕಾಕಡ ಕಳಿಸೋರಿದಾರೆ. ದೂರದಿಂದ ನೋಡಿದ್ರೆ ಎರಡೂ ಬಿಳಿ ಮೊಗ್ಗೇ, ಆದ್ರೆ ಕಾಕಡಕ್ಕೆ ಮಲ್ಲಿಗೆ ಪರಿಮಳ ಇಲ್ಲ, ಮೊಗ್ಗು ತೆಳ್ಳಗೆ ಉದ್ದ ಇರತ್ತೆ. ಫೋಟೋದಲ್ಲಿ ವಾಸನೆ ಬರಲ್ಲ ನೋಡಿ. ಚಳಿಗಾಲದಲ್ಲಿ ಮಲ್ಲಿಗೆ ಇಳುವರಿ ಬಿದ್ದುಹೋಗತ್ತೆ, ರೇಟು ಏರತ್ತೆ, ಆಗ ಯಾರಾದ್ರೂ ಬೇಸಿಗೆ ರೇಟಿಗೇ ಮಲ್ಲಿಗೆ ಕೊಡ್ತೀನಿ ಅಂದ್ರೆ "ಕಾಕಡಾನಾ ಮಲ್ಲಿಗೆನಾ" ಅಂತ ನೇರವಾಗಿ ಕೇಳ್ಬಿಡಿ. ಬೇಜಾರ್ ಮಾಡ್ಕೊಳ್ಳಲ್ಲ, ನಿಮಗೆ ಗೊತ್ತಿದೆ ಅಂತ ಅವರಿಗೂ ಗೊತ್ತಾಗತ್ತೆ.

ಮಲ್ಲಿಗೆಯಲ್ಲೂ ಊರಿಗೊಂದು ತರ, ಮೈಸೂರು ಮಲ್ಲಿಗೆ, ಹಡಗಲಿ ಮಲ್ಲಿಗೆ, ಉಡುಪಿ ಮಲ್ಲಿಗೆ ಮೂರಕ್ಕೂ ಜಿಐ ಟ್ಯಾಗ್ ಇದೆ, ಅಂದ್ರೆ ಆ ಊರಿನ ಹೆಸರು ಆ ಊರಿನ ಹೂವಿಗೇ ಅನ್ನೋ ಸರ್ಕಾರಿ ಗುರುತು. ಉಡುಪಿ ಕಡೆ ಕಳಿಸೋದಾದ್ರೆ ಮೊಳದ ಲೆಕ್ಕ ಮರೆತ್ಬಿಡಿ, ಅಲ್ಲಿ ಚೆಂಡು, ಅಟ್ಟೆ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಉಡುಪಿ ಹತ್ರದ ಶಂಕರಪುರದಲ್ಲಿ ದಿನಾ ಅಟ್ಟೆಗೆ ರೇಟು ಕಟ್ತಾರೆ, ಸುತ್ತಮುತ್ತ ಎಲ್ರೂ ಅದನ್ನೇ ಹಿಡೀತಾರೆ, ಮದುವೆ ಸೀಸನ್‌ನಲ್ಲಿ 2000 ದಾಟಿದ್ದೂ ಇದೆ, ಮಳೆಗಾಲದಲ್ಲಿ ಬಿದ್ದೇ ಹೋಗಿದ್ದೂ ಇದೆ. ಹಾಗಾಗಿ ಹದಿನೈದು ದಿನ ಮುಂಚೆನೇ ರೇಟು ಫಿಕ್ಸ್ ಮಾಡಿ ಅಂತ ಹಟ ಮಾಡಿದ್ರೆ ಅಂಗಡಿಯವ್ರು ಸೇಫ್ಟಿಗೆ ಅಂತ ಮೇಲಿನ ರೇಟೇ ಹೇಳ್ತಾರೆ, "ಅವತ್ತಿನ ರೇಟಿಗೆ ಇಷ್ಟು ಕಟ್ಟೋ ಕೂಲಿ, ಇಷ್ಟು ಡೆಲಿವರಿ" ಅಂತ ಮಾತಾಡ್ಕೊಂಡ್ರೆ ಇಬ್ಬರಿಗೂ ಒಳ್ಳೇದು.

ಹಬ್ಬದ ರೇಟು ಬಗ್ಗೆ ಕೋಪ ಮಾಡ್ಕೊಂಡು ಪ್ರಯೋಜನ ಇಲ್ಲ. ವರಮಹಾಲಕ್ಷ್ಮಿ, ಗೌರಿ ಗಣೇಶ, ಆಯುಧಪೂಜೆ ಹಿಂದಿನ ದಿನ ಕೆ.ಆರ್. ಮಾರ್ಕೆಟ್‌ನಲ್ಲೇ ಕನಕಾಂಬರ ಕೆಜಿಗೆ ಸಾವಿರ ದಾಟೋದು ಮಾಮೂಲಿ, ಹೂ ಹಗುರ, ಒಂದು ಕೆಜಿಗೆ ರಾಶಿ ಹೂ ಬೇಕು, ಕೀಳೋ ಕೂಲಿನೂ ಜಾಸ್ತಿ. ಅದೇ ಆಷಾಢ, ಪಿತೃಪಕ್ಷದಲ್ಲಿ ಕೇಳೋರೇ ಇರಲ್ಲ. ಮನೆ ಫಂಕ್ಷನ್ ದಿನ ನಿಮ್ಮ ಕೈಲಿದ್ರೆ ಹಬ್ಬದ ಹಿಂದೆ ಮುಂದೆ ಎರಡು ದಿನ ಬಿಟ್ಟು ಇಟ್ಕೊಳ್ಳಿ, ಖರ್ಚು ಎಷ್ಟೋ ಇಳಿಯತ್ತೆ.

ಟೈಮ್ ಕೂಡ ಇಲ್ಲಿ ಮುಖ್ಯ. ಮಲ್ಲಿಗೆ ಬೆಳಗ್ಗೆ ಮೊಗ್ಗಲ್ಲೇ ಕೀಳ್ತಾರೆ, ಸಾಯಂಕಾಲಕ್ಕೆ ಅರಳತ್ತೆ. ಸಂಜೆ ಆರತಿಗೆ ಅಂದ್ರೆ ಅವತ್ತೇ ಮಧ್ಯಾಹ್ನದೊಳಗೆ ತಲುಪಬೇಕು, ಬೆಳಗ್ಗೆ ಆರಕ್ಕೆ ಮುಹೂರ್ತ ಅಂದ್ರೆ ಹಿಂದಿನ ಸಂಜೆನೇ ತರಿಸಿ ಬಾಳೆಎಲೆಯಲ್ಲಿ ಸುತ್ತಿ ಒದ್ದೆ ಬಟ್ಟೆ ಒಳಗಿಟ್ಟಿರಬೇಕು. ಪ್ಲಾಸ್ಟಿಕ್ ಕವರಲ್ಲಿ ಗಟ್ಟಿಯಾಗಿ ಕಟ್ಟಿ ಕಳಿಸಬೇಡಿ ಅಂತ ಹೇಳಿ, ಒಳಗೆ ಬೆವತು ಮೊಗ್ಗು ಕಂದು ಬಣ್ಣ ಆಗತ್ತೆ. ಮೊಗ್ಗಿನ ಜಡೆ, ಮದುವೆ ಹಾರ ಆದ್ರೆ ಕೊನೇ ಗಳಿಗೆಲಿ ಆಗೋ ಕೆಲಸವೇ ಅಲ್ಲ, ಲಗ್ನ ಜಾಸ್ತಿ ಇರೋ ದಿನ ಕಟ್ಟೋರು ಸಿಗಲ್ಲ, ವಾರಗಟ್ಲೆ ಮುಂಚೆ ಹೇಳಿ, ಸೀರೆ ಬಣ್ಣದ ಫೋಟೋನೂ ಕಳಿಸಿಬಿಡಿ.

ಬೊಕೆ ಆದ್ರೆ

ಬೊಕೆಗೆ ಹಾಕೋ ಉದ್ದ ಕಡ್ಡಿ ಗುಲಾಬಿ ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರ, ಹೊಸೂರು ಕಡೆ ಪಾಲಿಹೌಸ್‌ಗಳಿಂದ ಬರತ್ತೆ, ಬೆಂಗಳೂರಿನವರಿಗೆ ಹತ್ರ, ಒಳ್ಳೆ ಮಾಲು ಸಿಗತ್ತೆ. ವ್ಯಾಲೆಂಟೈನ್ಸ್ ಡೇ ಹತ್ರ ಬಂದಾಗ ಒಳ್ಳೆ ಮಾಲು ವಿದೇಶಕ್ಕೂ ದೆಹಲಿ ಮುಂಬೈಗೂ ಹೋಗತ್ತೆ, ಇಲ್ಲಿ ಉಳಿದದ್ದಕ್ಕೆ ಡಬಲ್ ರೇಟು. 14ನೇ ತಾರೀಖೇ ಕೊಡ್ಬೇಕು ಅಂತಿದ್ರೆ ಬೇರೆ ಮಾತು, ಇಲ್ಲಾ ಅಂದ್ರೆ ನಾನು ಅವತ್ತು ಗುಲಾಬಿ ಕಳಿಸಿ ಅಂತ ಯಾರಿಗೂ ಹೇಳಲ್ಲ, ಜರ್ಬೆರಾನೋ ಸೇವಂತಿಗೆನೋ ಕಳಿಸಿ.

ಆರ್ಡರ್ ಮಾಡುವಾಗ "ಲಾರ್ಜ್ ಬೊಕೆ" ಅಂತ ಬಿಡಬೇಡಿ, ಎಷ್ಟು ಕಡ್ಡಿ ಹೂ ಅಂತ ಬರೆಸ್ಕೊಳ್ಳಿ. ದಪ್ಪ ಕಾಣೋದು ಪೇಪರ್‌ನಿಂದ. ಗುಲಾಬಿ ಹಳೇದಾ ಅಂತ ನೋಡೋಕೆ, ಮನೆಲಿರೋರು ಹೂವಿನ ಬುಡದಲ್ಲಿ, ಹಸಿರು ದಳ ಶುರುವಾಗೋ ಜಾಗದಲ್ಲಿ ಎರಡು ಬೆರಳಲ್ಲಿ ಮೆಲ್ಲಗೆ ಒತ್ತಿ ನೋಡ್ಲಿ, ಗಟ್ಟಿ ಇದ್ರೆ ತಾಜಾ, ಮೆತ್ತಗಿದ್ರೆ ಕೋಲ್ಡ್ ಸ್ಟೋರೇಜ್‌ನಲ್ಲಿ ಕೂತು ಬಂದಿದ್ದು. ಹೊರಗಿನ ದಳ ಒಂದೆರಡು ಹಸಿರು ಮಿಶ್ರ, ಒರಟಾಗಿದ್ರೆ ಗಾಬರಿ ಬೇಡ, ಅದು ಮೊಗ್ಗನ್ನ ಕಾಯೋಕೆ ಬಿಟ್ಟಿರೋ ದಳ, ಕಿತ್ತರಾಯ್ತು. ಆದ್ರೆ ಹೊರಗಿನ ದಳ ಎಲ್ಲ ಕಿತ್ತು ಹೂ ಸಣ್ಣಗಾಗಿದ್ರೆ ಒಣಗಿದ್ದನ್ನ ತೆಗೆದು ಹೊಸದು ಮಾಡಿದಾರೆ ಅಂತ ಲೆಕ್ಕ. ನೀಲಿ ಗುಲಾಬಿ ಅಂತ ಬರೋದು ಬಣ್ಣ ಹೀರಿಸಿದ್ದು, ಅದಕ್ಕೆ ಎಕ್ಸ್‌ಟ್ರಾ ದುಡ್ಡು ಕೊಡೋದು ನಿಮ್ಮಿಷ್ಟ.

ಹೆಚ್ಚು ದಿನ ಇರ್ಬೇಕು ಅಂದ್ರೆ ಕಾರ್ನೇಷನ್, ಆರ್ಕಿಡ್, ಸೇವಂತಿಗೆ, ಇವು ನೀರು ಬದಲಾಯಿಸ್ತಾ ಇದ್ರೆ ವಾರ ಎರಡು ವಾರ ತಡಿತಾವೆ. ಲಿಲ್ಲಿ ಮೊಗ್ಗಲ್ಲೇ ಬಂದ್ರೆ ಒಳ್ಳೇದು, ಮನೇಲಿ ಒಂದೊಂದೇ ಅರಳತ್ತೆ, ಆದ್ರೆ ಬೆಕ್ಕು ಸಾಕಿರೋ ಮನೆಗೆ ಲಿಲ್ಲಿ ಕಳಿಸಲೇಬೇಡಿ, ಅದರ ಎಲೆ, ಪರಾಗ, ಹೂದಾನಿ ನೀರು ಕೂಡ ಬೆಕ್ಕಿಗೆ ವಿಷ, ಕಿಡ್ನಿ ಹೋಗತ್ತೆ.

"ಹೂ ಸಿಗದಿದ್ರೆ ಅದೇ ಬೆಲೆಯ ಬೇರೆ ಹೂ ಹಾಕ್ತೀವಿ" ಅಂತ ಸಣ್ಣಕ್ಷರದಲ್ಲಿ ಬರೆದಿರ್ತಾರೆ. ಅದು ತಪ್ಪಲ್ಲ, ಹೂ ಹೊಲದಿಂದ ಬರೋದು, ಫ್ಯಾಕ್ಟರಿಯಿಂದ ಅಲ್ಲ. ನೀವು ಮಾಡ್ಬೇಕಾದ್ದು "ಬದಲಾಯಿಸೋ ಮುಂಚೆ ನನಗೆ ವಾಟ್ಸಾಪ್ ಮಾಡಿ, ಬಣ್ಣ ಮಾತ್ರ ಬದಲಾಯಿಸಬೇಡಿ" ಅಂತ ಮೊದಲೇ ಹೇಳಿ, ಹೊರಡೋ ಮುಂಚೆ ಫೋಟೋ ಕೇಳೋದು. ಫೋಟೋ ಕಳಿಸೋಕೆ ಹಿಂದೆ ಮುಂದೆ ನೋಡೋ ಅಂಗಡಿಗೆ ಎರಡನೇ ಸಲ ಹೋಗ್ಬೇಡಿ.

ಸಾವಿನ ಮನೆಗೆ

ಇದಕ್ಕೆ ಸೈಟು, ಆಪು ಬೇಡ, ಟೈಮ್ ಇರಲ್ಲ. ಆ ಊರಿನ ಅಂಗಡಿಗೆ ಫೋನ್ ಮಾಡಿ "ಬಾಡಿ ಎಷ್ಟೊತ್ತಿಗೆ ತೆಗೀತಾರೆ" ಅನ್ನೋದನ್ನ ತಿಳ್ಕೊಂಡೇ ಹೇಳಿ, ಅಂಗಡಿಯವರೂ ಅದನ್ನೇ ಕೇಳೋದು. ಸುಗಂಧರಾಜದ್ದೋ ಗುಲಾಬಿದೋ ಹಾರ ಸಾಕು. ಕೆಲವ್ರು ಬೊಕೆ ಕಳಿಸ್ತಾರೆ ರಿಬ್ಬನ್ ಸಮೇತ, ಹಳ್ಳಿ ಮನೆಲಿ ಅದನ್ನ ಎಲ್ಲಿಡೋದು ಅಂತಾನೇ ಗೊತ್ತಾಗಲ್ಲ. ನಿಮ್ಮ ಹೆಸರಿನ ಚೀಟಿನೂ ಬೇಡ, ಆಮೇಲೆ ಫೋನ್ ಮಾಡಿ ಮಾತಾಡಿದ್ರಾಯ್ತು.

ಅಡ್ರೆಸ್ಸು, ಗೇಟು, ಟೈಮು

ಡೆಲಿವರಿ ಕೆಡೋದು ಹೆಚ್ಚಾಗಿ ಇಲ್ಲೇ. ಸರ್‌ಪ್ರೈಸ್ ಅಂತ ತಗೊಳ್ಳೋರ ನಂಬರ್ ಕೊಡದೆ ನಿಮ್ಮ ನಂಬರ್ ಮಾತ್ರ ಕೊಡ್ತೀರ, ಹುಡುಗ ಅಪಾರ್ಟ್‌ಮೆಂಟ್ ಗೇಟಲ್ಲಿ ನಿಂತು ನಿಮಗೆ ಫೋನ್ ಮಾಡ್ತಾನೆ, ನೀವು ಟೆಕ್ಸಾಸಲ್ಲಿ ಮಲಗಿರ್ತೀರ, ಒಳಗೆ ಬಿಡೋಕೆ ಅಪಾರ್ಟ್‌ಮೆಂಟ್‌ನೋರು ಇಟ್ಕೊಂಡಿರೋ ಮೈಗೇಟ್ ಆಪ್‌ನಲ್ಲಿ ಅಪ್ರೂವ್ ಆಗಲ್ಲ, ಹೂ ಸೆಕ್ಯೂರಿಟಿ ಟೇಬಲ್ ಮೇಲೆ ಬಿಸಿಲಿಗೆ ಬಾಡತ್ತೆ. ಮನೇಲಿ ಒಬ್ರನ್ನ ಗುಟ್ಟಾಗಿ ಸೇರಿಸ್ಕೊಳ್ಳಿ, ಭಾವನೋ ಪಕ್ಕದ ಮನೆ ಆಂಟಿನೋ, ಅವರ ನಂಬರ್ ಕೊಡಿ. ಊರಿನ ಮನೆ ಆದ್ರೆ ಡೋರ್ ನಂಬರ್‌ಗಿಂತ "ಬಸವಣ್ಣನ ಗುಡಿ ಎದುರು, ನೀಲಿ ಗೇಟು" ಅನ್ನೋದು ಕೆಲಸಕ್ಕೆ ಬರತ್ತೆ, ಲೊಕೇಶನ್ ಪಿನ್ ಜೊತೆಗೆ ಕಳಿಸಿ.

ಬೇಸಿಗೆಲಿ ಬೆಳಗ್ಗೆ ಹನ್ನೊಂದರ ಒಳಗೆ ಇಲ್ಲಾ ಸಂಜೆ ಐದರ ಮೇಲೆ ಅಂತ ಹೇಳಿ, ಮಧ್ಯಾಹ್ನ ಬೈಕ್ ಮೇಲೆ ಬಂದ ಹೂ ಬೆಂದಿರತ್ತೆ. ಮಿಡ್‌ನೈಟ್ ಡೆಲಿವರಿಗೆ ಎಕ್ಸ್‌ಟ್ರಾ ತಗೋತಾರೆ, ಅಪ್ಪ ಅಮ್ಮ ಒಂಬತ್ತೂವರೆಗೆ ಮಲಗೋರಾದ್ರೆ ಯಾಕೆ ಬೇಕು ಆ ಉಸಾಬರಿ.

ದುಡ್ಡು ಕೊಡೋದು, ಕೆಟ್ಟು ಬಂದ್ರೆ ಕೇಳೋದು

ಸಣ್ಣ ಅಂಗಡಿಯವ್ರು ಮುಂಗಡ ಕೇಳೋದು ಸಹಜ, ಹೂ ವಾಪಸ್ ತಗೊಳ್ಳೋ ಮಾಲಲ್ಲ. ಮಾಮೂಲಿ ಬೊಕೆಗೆ ಪೂರ್ತಿ ಕೊಟ್ರೂ ಪರವಾಗಿಲ್ಲ, ಮದುವೆ ತರದ ದೊಡ್ಡ ಆರ್ಡರ್‌ಗೆ ಸ್ವಲ್ಪ ಮುಂಗಡ, ಮಿಕ್ಕಿದ್ದು ಹೂ ಬಂದ ಮೇಲೆ. ಯುಪಿಐ ಮಾಡುವಾಗ ಬರೋ ಹೆಸರು ಅಂಗಡಿದೋ ಓನರ್‌ದೋ ಇದ್ಯಾ ನೋಡಿ. "ರೀಫಂಡ್ ಕಳಿಸ್ತೀವಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ" ಅಂದ್ರೆ ಫೋನ್ ಇಡಿ, ದುಡ್ಡು ಬರೋಕೆ ಪಿನ್ ಬೇಕಾಗಲ್ಲ. ದುಡ್ಡು ಹೋಗೇಬಿಟ್ರೆ ತಡ ಮಾಡ್ದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬೇಗ ಹೇಳಿದಷ್ಟೂ ದುಡ್ಡು ತಡೆಯೋ ಚಾನ್ಸ್ ಜಾಸ್ತಿ.

ಸೈಟಲ್ಲಿ 599 ಅಂತ ತೋರಿಸಿ ಕೊನೇ ಪೇಜಲ್ಲಿ ಡೆಲಿವರಿ, ಕನ್ವೀನಿಯನ್ಸ್ ಫೀ, ಗ್ರೀಟಿಂಗ್ ಕಾರ್ಡು ಅಂತ ಸೇರಿಸಿ 900 ಮಾಡಿದ್ರೆ ಅಲ್ಲೇ ಬಿಟ್ಟು ಬನ್ನಿ, ಹೀಗೆ ಕೊನೇಲಿ ಬಚ್ಚಿಟ್ಟ ಚಾರ್ಜ್ ಹಾಕೋದನ್ನ ಕೇಂದ್ರ ಸರ್ಕಾರ 2023ರ ಮಾರ್ಗಸೂಚಿಯಲ್ಲೇ ಬೇಡ ಅಂದಿದೆ.

ಹೂ ಕೆಟ್ಟು ಬಂದ್ರೆ ತಗೊಂಡೋರಿಗೆ ಅರ್ಧ ಗಂಟೆ ಒಳಗೆ ಫೋಟೋ ತೆಗೆಯೋಕೆ ಹೇಳಿ, ಪೇಪರ್ ಬಿಚ್ಚಿದ ಮೇಲೊಂದು, ಕಡ್ಡಿ ತುದಿದೊಂದು. ಸಂಜೆ ತೆಗೆದ ಫೋಟೋಗೆ "ನೀವು ನೀರಿಗಿಟ್ಟಿಲ್ಲ" ಅಂತ ಹೇಳಿಬಿಡ್ತಾರೆ. ಅಂಗಡಿಗೆ ಕಳಿಸಿ ಸಮಾಧಾನವಾಗೇ ಕೇಳಿ, ಒಳ್ಳೆ ಅಂಗಡಿಯವನು ಮಾತು ಬೆಳೆಸದೆ ಬೇರೆ ಕಳಿಸ್ತಾನೆ. ಸೈಟ್‌ನೋರಾದ್ರೆ 2020ರ ಇ-ಕಾಮರ್ಸ್ ನಿಯಮದ ಪ್ರಕಾರ ದೂರು ಕೇಳೋ ಅಧಿಕಾರಿಯ ಹೆಸರು, ಸಂಪರ್ಕ ಸೈಟಲ್ಲಿ ಹಾಕಿರಲೇಬೇಕು, 48 ಗಂಟೆಯೊಳಗೆ ದೂರು ಬಂತು ಅಂತ ತಿಳಿಸ್ಬೇಕು, ಒಂದು ತಿಂಗಳೊಳಗೆ ಬಗೆಹರಿಸ್ಬೇಕು. ತೋರಿಸಿದ್ದೊಂದು ಕಳಿಸಿದ್ದೊಂದು ಆದ್ರೆ, ಹೇಳಿದ ಟೈಮ್ ಮೀರಿ ಬಂದ್ರೆ ರೀಫಂಡ್ ಇಲ್ಲ ಅನ್ನೋ ಹಾಗಿಲ್ಲ, "ಪೆರಿಶಬಲ್ ಐಟಂ ಸರ್" ಅಂತ ಶುರು ಮಾಡಿದ್ರೆ ಇದನ್ನೇ ಹೇಳಿ. ಕೇಳದಿದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915, ಕನ್ನಡದಲ್ಲೂ ಮಾತಾಡಬಹುದು, ಆರ್ಡರ್ ನಂಬರ್, ಪೇಮೆಂಟ್ ಸ್ಕ್ರೀನ್‌ಶಾಟ್, ಆ ಎರಡು ಫೋಟೋ ಕೈಲಿಟ್ಕೊಂಡು ಫೋನ್ ಮಾಡಿ.